ಕಾನೂನು ಕೇಳಿ: ಕಿಸೆಯಿಂದ ಹೋದದ್ದು, ಕೊರಳಿಂದ ಹೋದದ್ದು

ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಆಸ್ತಿ ವಿಭಾಗದ ತಕರಾರುಗಳಲ್ಲ. ಬಸ್ಸಿನಲ್ಲಿ, ಬೀದಿಯಲ್ಲಿ, ಬ್ಯಾಂಕಿನ ಬಾಗಿಲಲ್ಲಿ ಕಣ್ಣೆದುರೇ ಕಳೆದುಹೋದ ವಸ್ತುಗಳ ಕಥೆಗಳು. ಅವುಗಳಲ್ಲಿ ಐದನ್ನು ಆರಿಸಿ ಉತ್ತರಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನಾನು ದಾವಣಗೆರೆಯ ಸಮೀಪದ ಹಳ್ಳಿಯೊಂದರಲ್ಲಿ ಶಿಕ್ಷಕಿ, ದಿನವೂ ಬಸ್ಸಿನಲ್ಲೇ ಓಡಾಟ. ಕಳೆದ ತಿಂಗಳು ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ವ್ಯಾನಿಟಿ ಬ್ಯಾಗಿನ ಜಿಪ್ ಸರಿಸಿ ಮೊಬೈಲ್ ಫೋನನ್ನು ಕದ್ದರು. ಫೋನಿನ ಕವರಿನ ಒಳಗೆ ಡೆಬಿಟ್ ಕಾರ್ಡ್ ಇಟ್ಟಿದ್ದೆ. ಪಾಠ ಮುಗಿಸಿ ಸಂಜೆ ಬ್ಯಾಂಕಿಗೆ ಹೋಗುವಷ್ಟರಲ್ಲಿ ಎರಡು ಅಂಗಡಿಗಳಲ್ಲಿ 4,900 ಮತ್ತು 4,650 ರೂಪಾಯಿ ಖರ್ಚಾಗಿತ್ತು. ಪಿನ್ ಸಂಖ್ಯೆಯನ್ನು ನಾನು ಯಾರಿಗೂ ಹೇಳಿಲ್ಲ, ಎಲ್ಲಿಯೂ ಬರೆದಿಟ್ಟಿಲ್ಲ. ಬ್ಯಾಂಕಿನವರು ಮಾತ್ರ, ಪಿನ್ ಇಲ್ಲದೆ ಹಣ ಹೋಗುವುದಿಲ್ಲ, ತಪ್ಪು ನಿಮ್ಮದೇ ಎನ್ನುತ್ತಿದ್ದಾರೆ. ಹಣ ಮರಳಿ ಸಿಗುವುದೇ? ನಾನು ಮೊದಲು ಏನು ಮಾಡಬೇಕಿತ್ತು?

ಉತ್ತರ: ನಿಮ್ಮ ಪತ್ರದಲ್ಲಿರುವ ಆ ಎರಡು ಮೊತ್ತಗಳೇ ಇಲ್ಲಿ ಸಾಕ್ಷಿ ಹೇಳುತ್ತಿವೆ. ಎರಡೂ ಐದು ಸಾವಿರಕ್ಕಿಂತ ಸ್ವಲ್ಪವೇ ಕಡಿಮೆ. ನಿಮ್ಮ ಹೊಸ ಕಾರ್ಡನ್ನು ಕೈಗೆತ್ತಿಕೊಂಡು ನೋಡಿ: ಅದರ ಮೇಲೆ ಒಂದರ ಪಕ್ಕ ಒಂದು ಬಾಗಿದ ನಾಲ್ಕು ಗೆರೆಗಳ ಗುರುತು ಇದ್ದರೆ, ಅಂಥ ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ತಾಗಿಸಿದರೆ ಸಾಕು, ಒಂದು ಸಲಕ್ಕೆ 5,000 ರೂಪಾಯಿವರೆಗೆ ಪಿನ್ ಒತ್ತದೆಯೇ ಹಣ ಪಾವತಿಯಾಗುತ್ತದೆ. ಮೊದಲು 2,000 ಇದ್ದ ಈ ಮಿತಿಯನ್ನು ರಿಸರ್ವ್ ಬ್ಯಾಂಕು 2021ರ ಜನವರಿ 1ರಿಂದ ಏರಿಸಿತು. ಆದ್ದರಿಂದ ಪಿನ್ ಇಲ್ಲದೆ ಹಣ ಹೋಗುವುದಿಲ್ಲ ಎಂಬ ಉತ್ತರವೇ ತಪ್ಪು. ಬ್ಯಾಂಕಿನ ಮೇಜಿನ ಆಚೆ ಕುಳಿತವರು ಅದನ್ನು ಹೇಳಬಾರದಿತ್ತು. ಆ ಎರಡು ವಹಿವಾಟುಗಳು ಪಿನ್ ಒತ್ತಿ ನಡೆದವೋ, ಕಾರ್ಡ್ ತಾಗಿಸಿ ನಡೆದವೋ ಎಂಬುದು ಬ್ಯಾಂಕಿನ ದಾಖಲೆಯಲ್ಲಿ ಇರುತ್ತದೆ. ಅದನ್ನು ಲಿಖಿತವಾಗಿ ಕೇಳಿ.

ಹಣ ಮರಳಿ ಸಿಗುವ ಬಗ್ಗೆ: ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಗ್ರಾಹಕರ ನಿರ್ಲಕ್ಷ್ಯದಿಂದ ಆದ ನಷ್ಟವನ್ನು, ಅವರು ಬ್ಯಾಂಕಿಗೆ ತಿಳಿಸುವ ಕ್ಷಣದವರೆಗೆ ಅವರೇ ಹೊರಬೇಕು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಆದರೆ ಹೊಣೆ ಗ್ರಾಹಕರದೇ ಎಂದು ರುಜುವಾತುಪಡಿಸುವ ಭಾರವನ್ನು ಅದೇ ಸುತ್ತೋಲೆ ಬ್ಯಾಂಕಿನ ಮೇಲೆ ಹೊರಿಸಿದೆ. ನೀವು ಪಿನ್ ಹಂಚಿಕೊಂಡಿಲ್ಲ, ಕಾರ್ಡ್ ಕಳವಾಗಿದೆ, ಅದೇ ದಿನ ಬ್ಯಾಂಕಿಗೆ ತಿಳಿಸಿದ್ದೀರಿ. ಈ ಮೂರನ್ನೂ ಬರೆದು, ಪೊಲೀಸ್ ದೂರಿನ ಪ್ರತಿಯನ್ನು ಲಗತ್ತಿಸಿ ಶಾಖೆಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಪೂರ್ಣ ಮೊತ್ತ ಬಂದೇ ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ, ಆದರೆ ಕೈಚೆಲ್ಲಿ ಕೂರುವ ಪ್ರಕರಣವಂತೂ ಇದಲ್ಲ.

ಇನ್ನು ಮೊದಲು ಮಾಡಬೇಕಿದ್ದ ಕೆಲಸ. ಶಾಲೆಗೆ ತಲುಪಿದ ಕೂಡಲೇ ಸಹೋದ್ಯೋಗಿಯ ಫೋನಿನಿಂದ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡನ್ನೂ ಯುಪಿಐ ಸೌಲಭ್ಯವನ್ನೂ ನಿಲ್ಲಿಸಬೇಕಿತ್ತು. ಎರಡನೆಯದಾಗಿ, ಗೂಗಲ್ ಅಥವಾ ಆಪಲ್ ಖಾತೆಯ ಮೂಲಕ ದೂರದಿಂದಲೇ ಫೋನಿಗೆ ಬೀಗ ಹಾಕಬೇಕು. ಇದು ಫೋನಿನಲ್ಲಿ ಇಂಟರ್ನೆಟ್ ಇದ್ದರೆ ಮಾತ್ರ ತಲುಪುವ ಆಜ್ಞೆಯಾದ್ದರಿಂದ ಸಿಮ್ ನಿಲ್ಲಿಸುವುದಕ್ಕೆ ಮುಂಚೆಯೇ ಪ್ರಯತ್ನಿಸಬೇಕು, ಎರಡು ನಿಮಿಷದಲ್ಲಿ ಆಗದಿದ್ದರೆ ಅದಕ್ಕಾಗಿ ಕಾಯಬಾರದು. ಮೂರನೆಯದು ಸಿಮ್ ನಿಲ್ಲಿಸುವುದು. ಅಷ್ಟರಲ್ಲಿ ಖಾತೆಯಿಂದ ಹಣ ಹೋಗಿರುವುದು ಕಂಡರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು. ಪೊಲೀಸ್ ಠಾಣೆ ಇವೆಲ್ಲದರ ನಂತರ. ನಮ್ಮಲ್ಲಿ ಹಲವರು ಮೊದಲು ಠಾಣೆಗೆ ಓಡುತ್ತಾರೆ, ಅಲ್ಲಿ ಬೆಂಚಿನ ಮೇಲೆ ಕುಳಿತಿರುವ ಹೊತ್ತಿನಲ್ಲೇ ಖಾತೆ ಖಾಲಿಯಾಗುತ್ತದೆ.

ಕವರಿನೊಳಗೆ ಕಾರ್ಡ್ ಇಡುವ ಅಭ್ಯಾಸವನ್ನು ಇಂದೇ ಬಿಡಿ. ನಿಮಗೆ ಆದ ನಷ್ಟ ಇದಕ್ಕಿಂತ ದೊಡ್ಡದಾಗಬಹುದಿತ್ತು. ಹೊಸದಾಗಿ ಯುಪಿಐ ಪಿನ್ ಹೊಂದಿಸಲು ಬೇಕಾಗುವುದು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಹಾಗೂ ಮೊಬೈಲಿಗೆ ಬರುವ ಒಟಿಪಿ; ಕೆಲವು ಬ್ಯಾಂಕುಗಳು ಮಾತ್ರ ಇದರ ಜೊತೆಗೆ ಎಟಿಎಂ ಪಿನ್ ಕೇಳುತ್ತವೆ. ಕಾರ್ಡ್ ಮತ್ತು ಸಿಮ್ ಒಂದೇ ಕೈಗೆ ಸಿಕ್ಕಿತೆಂದರೆ ಬೀಗವನ್ನೂ ಕೀಲಿಕೈಯನ್ನೂ ಒಟ್ಟಿಗೇ ಕೊಟ್ಟಂತೆ. ಫೋನಿನ ಪರದೆಗೆ ಬೀಗ ಇದೆಯಲ್ಲ ಎಂದು ನೀವು ಕೇಳಬಹುದು. ಸಿಮ್ಮನ್ನು ಹೊರತೆಗೆದು ಬೇರೆ ಫೋನಿಗೆ ಹಾಕಿದರೆ ಆ ಬೀಗಕ್ಕೆ ಅರ್ಥವೇ ಇಲ್ಲ. ಅದಕ್ಕಾಗಿ ಸಿಮ್ಮಿಗೇ ಪ್ರತ್ಯೇಕ ಪಿನ್ ಹಾಕುವ ಅವಕಾಶ ಪ್ರತಿ ಫೋನಿನ ಸೆಟ್ಟಿಂಗ್ಸ್‌ನಲ್ಲೂ ಇದೆ. ಬಳಸುವವರು ಬಹಳ ಕಡಿಮೆ. ಕಂಪನಿಯ ಮೂಲ ಪಿನ್ ಯಾವುದೆಂದು ಮೊದಲು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಮೂರು ಸಲ ತಪ್ಪಾಗಿ ಒತ್ತಿದರೆ ಸಿಮ್ ಸ್ತಬ್ಧವಾಗಿ, ಮತ್ತೆ ಕಂಪನಿಯಿಂದ ಪಿಯುಕೆ ಸಂಖ್ಯೆ ತರಬೇಕಾಗುತ್ತದೆ. ಹಾಗೆಯೇ, ಕಾರ್ಡನ್ನು ತಾಗಿಸಿ ಪಾವತಿಸುವ ಸೌಲಭ್ಯ ನಿಮಗೆ ಬೇಡವಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ನೀವೇ ನಿಲ್ಲಿಸಿಬಿಡಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿ ನಾನು. ರಸ್ತೆ ಬದಿಯಲ್ಲಿ ನಿಂತು ಫೋನಿನಲ್ಲಿ ಆಟೊ ಬುಕ್ ಮಾಡುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಫೋನ್ ಕಸಿದುಕೊಂಡು ಹೋದರು. ಠಾಣೆಯೊಂದಕ್ಕೆ ಹೋದಾಗ, ಇದು ನಮ್ಮ ವ್ಯಾಪ್ತಿಯಲ್ಲ, ಸುಮ್ಮನೆ ಆ್ಯಪ್‌ನಲ್ಲಿ 'ಕಳೆದುಹೋಗಿದೆ' ಎಂದು ದಾಖಲಿಸಿ, ಸಿಮ್ ತೆಗೆದುಕೊಳ್ಳಲು ಅಷ್ಟು ಸಾಕು ಎಂದರು. ಹಾಗೆಯೇ ಮಾಡಿದೆ. ಅದೂ ಎಫ್‌ಐಆರ್‌ನಷ್ಟೇ ಬೆಲೆಯುಳ್ಳದ್ದೇ?

ಉತ್ತರ: ಅಲ್ಲ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಇರುವುದು ನಿಜವಾಗಿ ಕಳೆದುಹೋದ ವಸ್ತು ಮತ್ತು ದಾಖಲೆಗಳಿಗೆ. ಆಟೊದಲ್ಲಿ ಅಂಕಪಟ್ಟಿ ಮರೆತವರಿಗೆ ಅದು ವರದಾನ. ಠಾಣೆಯ ಮೆಟ್ಟಿಲು ಹತ್ತದೆಯೇ ಸ್ವೀಕೃತಿ ಸಿಗುತ್ತದೆ. ಆದರೆ ಅದರ ಮೇಲೆ ತನಿಖೆ ನಡೆಯುವುದಿಲ್ಲ. ನಿಮ್ಮ ಫೋನ್ ಕಳೆದುಹೋಗಿಲ್ಲ, ಕಸಿಯಲ್ಪಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಇಂಥದ್ದನ್ನೇ ಪ್ರತ್ಯೇಕ ಅಪರಾಧವೆಂದು ಹೆಸರಿಸಿ ಮೂರು ವರ್ಷದವರೆಗೆ ಜೈಲುಶಿಕ್ಷೆ ಮತ್ತು ದಂಡವನ್ನು ವಿಧಿಸಿದೆ. ಹಳೆಯ ದಂಡ ಸಂಹಿತೆಯಲ್ಲಿ ಕಸಿಯುವುದಕ್ಕೆ ಹೀಗೆ ಬೇರೆಯೇ ಕಲಂ ಇರಲಿಲ್ಲ.

ವ್ಯಾಪ್ತಿಯ ಮಾತಿಗೆ ಬಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಅವರು ಅದನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. 'ಜೀರೊ ಎಫ್‌ಐಆರ್' ಎಂದು ಬಾಯಿಮಾತಿನಲ್ಲಿ ಕರೆಯುವುದು ಇದನ್ನೇ. ವಿದ್ಯುನ್ಮಾನ ಮಾರ್ಗದಲ್ಲಿ ದೂರು ಕಳುಹಿಸಿ, ಮೂರು ದಿನಗಳೊಳಗೆ ಹೋಗಿ ಸಹಿ ಹಾಕುವುದಕ್ಕೂ ಅವಕಾಶವಿದೆ. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಲೇಬೇಕು. ಠಾಣೆಯವರು ದಾಖಲಿಸಲು ನಿರಾಕರಿಸಿದರೆ ಅದೇ ದೂರನ್ನು ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ, ಬೆಂಗಳೂರಿನಂಥ ಕಮಿಷನರೇಟಿನಲ್ಲಿ ಡಿಸಿಪಿಯವರಿಗೆ, ಕಳುಹಿಸಿ. ಅದಕ್ಕೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ಇಲ್ಲೊಂದು ಸೂಕ್ಷ್ಮವಿದೆ, ದೂರು ಬರೆಯುವಾಗ ಅದನ್ನು ಮರೆಯಬೇಡಿ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಸಾಮಾನ್ಯ ಕಳವು ಅಸಂಜ್ಞೇಯ ಅಪರಾಧ. ಎಂದರೆ ನ್ಯಾಯಾಲಯದ ಅಪ್ಪಣೆಯಿಲ್ಲದೆ ಪೊಲೀಸರು ಅದರ ತನಿಖೆ ಮಾಡುವಂತಿಲ್ಲ. ಕಸಿದುಕೊಂಡು ಹೋದ ಪ್ರಕರಣಕ್ಕೆ ಈ ಬೆಲೆಯ ಮಿತಿ ಇಲ್ಲ. ಆದ್ದರಿಂದ 'ನನ್ನ ಫೋನ್ ಕಳುವಾಗಿದೆ' ಎಂಬ ಒಂದು ಸಾಲಿನ ದೂರು ಬೇಡ. ಎಲ್ಲಿ ನಿಂತಿದ್ದಿರಿ, ಯಾವ ಕೈಯಲ್ಲಿ ಫೋನ್ ಇತ್ತು, ಹಿಂದೆ ಕುಳಿತವನು ಹೇಗೆ ಎಳೆದ, ಬೈಕ್ ಯಾವ ಕಡೆ ತಿರುಗಿತು, ಹತ್ತಿರದಲ್ಲಿ ಯಾವ ಅಂಗಡಿಯ ಸಿಸಿಟಿವಿ ಇದೆ, ಇವೆಲ್ಲ ನಾಲ್ಕೈದು ವಾಕ್ಯಗಳಲ್ಲಿ ಬರಲಿ. ಖರೀದಿ ಬಿಲ್ಲನ್ನು ಲಗತ್ತಿಸಿ.

ನಂತರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿರುವ ಸಿಇಐಆರ್ ವಿಭಾಗದಲ್ಲಿ ಫೋನನ್ನು ನಿರ್ಬಂಧಿಸಲು ಕೋರಿಕೆ ಸಲ್ಲಿಸಿ. 2023ರ ಮೇ ತಿಂಗಳಿನಿಂದ ಇದು ದೇಶದಾದ್ಯಂತ ಲಭ್ಯವಿದೆ. ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆ ಬೇಕಾಗುತ್ತದೆ. ಅದು ಬಿಲ್ಲಿನಲ್ಲೂ ಫೋನ್ ಬಂದ ಪೆಟ್ಟಿಗೆಯ ಚೀಟಿಯಲ್ಲೂ ಇರುತ್ತದೆ. ನಿರ್ಬಂಧಿಸಿದ ಫೋನಿಗೆ ಬೇರೆ ಸಿಮ್ ಹಾಕಿದರೂ ದೇಶದ ಯಾವ ಜಾಲದಲ್ಲೂ ಅದು ನಡೆಯುವುದಿಲ್ಲ, ಹಾಕಿದ್ದರ ಸುಳಿವು ಪೊಲೀಸರಿಗೆ ಸಿಗುತ್ತದೆ. ಕೋರಿಕೆ ಸಲ್ಲಿಸುವಾಗ ಒಟಿಪಿ ಬರಬೇಕು. ಬದಲಿ ಸಿಮ್ ಪಡೆದ ಮೊದಲ 24 ಗಂಟೆ ಅದಕ್ಕೆ ಎಸ್‌ಎಂಎಸ್ ಬರುವುದಿಲ್ಲ ಎಂಬುದು ತಿಳಿಯದೆ ಎಷ್ಟೋ ಜನ ಸಿಮ್ ಕೆಟ್ಟಿದೆಯೆಂದು ಮತ್ತೆ ಅಂಗಡಿಗೆ ಅಲೆಯುತ್ತಾರೆ. ಈ ಪುಟವನ್ನು ಓದುತ್ತಿರುವ ಉಳಿದವರು ಈಗಲೇ ತಮ್ಮ ಫೋನಿನಲ್ಲಿ *#06# ಒತ್ತಿ, ಬರುವ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದಿಡಲಿ. ಅದೇ ಫೋನಿನಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳುವವರನ್ನೂ ನಾನು ಕಂಡಿದ್ದೇನೆ.

ಪ್ರಶ್ನೆ: ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ನೌಕರ ನಾನು. ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ವಾಯುವಿಹಾರಕ್ಕೆ ಹೋಗಿದ್ದ ನೆರೆಮನೆಯವರ ಸರವನ್ನು ಎಳೆದೊಯ್ದರು. ಕೊರಳಿನಲ್ಲಿ ಗಾಯವೂ ಆಯಿತು. ಅದಾದ ಮೇಲೆ ನನ್ನ ಪತ್ನಿ ಮಾಂಗಲ್ಯದ ಸರವನ್ನು ಪಿನ್ನಿನಿಂದ ರವಿಕೆಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದಾರೆ. ಇನ್ನೂ ದಪ್ಪನಾದ, ಗಟ್ಟಿಯಾದ ಸರ ಮಾಡಿಸುವುದು ಒಳ್ಳೆಯದೇ? ಕಳವಾದ ಚಿನ್ನ ಸಿಕ್ಕರೂ ಅದು ವರ್ಷಗಟ್ಟಲೆ ನ್ಯಾಯಾಲಯದಲ್ಲೇ ಕೊಳೆಯುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ದಪ್ಪನಾದ ಸರ ಬೇಡ, ಇದು ಕಾನೂನಿನ ಸಲಹೆಯಲ್ಲ, ಗಾಯದ ಪ್ರಮಾಣಪತ್ರಗಳನ್ನು ಓದಿದವನ ಸಲಹೆ. ಬೈಕಿನ ವೇಗದಲ್ಲಿ ಎಳೆದಾಗ ತೆಳುವಾದ ಸರ ಕೊಂಡಿಯಲ್ಲಿ ಕಿತ್ತು ಹೋಗುತ್ತದೆ. ಗಟ್ಟಿಯಾದದ್ದು ಕೀಳುವುದಿಲ್ಲ, ಬದಲಿಗೆ ಧರಿಸಿದವರನ್ನೇ ನೆಲಕ್ಕೆ ಬೀಳಿಸಿ ಎಳೆದೊಯ್ಯುತ್ತದೆ. ಐವತ್ತು ದಾಟಿದವರಿಗೆ ಹಾಗೆ ಬಿದ್ದು ಸೊಂಟದ ಮೂಳೆ ಮುರಿಯುವುದಕ್ಕಿಂತ ಸರ ಹೋಗುವುದೇ ಲೇಸು. ಪಿನ್ನು ಸಹ ತಡೆಯುವುದಿಲ್ಲ, ರವಿಕೆ ಹರಿಯುತ್ತದೆ ಅಷ್ಟೆ. ವಾಯುವಿಹಾರದ ಒಂದು ಗಂಟೆಗೆ ಮಾಂಗಲ್ಯವನ್ನು ಅರಿಸಿನದ ದಾರದಲ್ಲಿ ಅಥವಾ ಬರಿಯ ಕರಿಮಣಿಯಲ್ಲಿ ಧರಿಸಲು ನಿಮ್ಮ ಪತ್ನಿಯವರು ಒಪ್ಪಿದರೆ ಅದು ಎಲ್ಲಕ್ಕಿಂತ ಸುರಕ್ಷಿತ; ಒಪ್ಪದಿದ್ದರೆ ಅದು ಅವರ ಇಷ್ಟ, ಸೆರಗನ್ನು ಎರಡೂ ಭುಜದ ಮೇಲೆ ಹೊದ್ದುಕೊಂಡರೆ ಕೊರಳು ಮರೆಯಾಗುತ್ತದೆ. ವಾಹನಗಳು ಎದುರಿನಿಂದ ಬರುವ ಬದಿಯಲ್ಲಿ, ಎಂದರೆ ರಸ್ತೆಯ ಬಲಬದಿಯಲ್ಲಿ ನಡೆಯಬೇಕು. ಸರಗಳ್ಳರು ಸಾಮಾನ್ಯವಾಗಿ ಬೆನ್ನ ಹಿಂದಿನಿಂದ ಬರುತ್ತಾರೆ. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಲು ಬಗ್ಗಿದ ಹೊತ್ತು, ವಿಳಾಸ ಕೇಳುವ ನೆಪದಲ್ಲಿ ಬೈಕು ಹತ್ತಿರ ಬಂದು ಇಂಜಿನ್ ಆರಿಸದೆ ನಿಂತ ಹೊತ್ತು, ಈ ಎರಡರಲ್ಲೂ ಎಚ್ಚರವಿರಬೇಕು. ವಿಳಾಸ ಹೇಳುವುದಕ್ಕೆ ಗೇಟಿನ ಹೊರಗೆ ಬರಬೇಕಾಗಿಲ್ಲ.

ನಿಮ್ಮ ನೆರೆಮನೆಯವರಿಗೆ ಒಂದು ಮಾತು ಅಗತ್ಯವಾಗಿ ತಿಳಿಸಿ. ಕೊರಳಿನ ಗಾಯವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲಿಸಿಕೊಂಡಿದ್ದಾರೆಯೇ? ಕಳವು ಮಾಡುವ ಸಲುವಾಗಿ ಗಾಯಪಡಿಸಿದರೆ ಅದು ಬರಿಯ ಕಸಿಯುವಿಕೆ ಆಗಿ ಉಳಿಯದೆ ಸುಲಿಗೆಯ ವ್ಯಾಖ್ಯೆಯೊಳಗೆ ಬರಬಹುದು. ನ್ಯಾಯ ಸಂಹಿತೆಯ 309ನೇ ಕಲಮಿನಲ್ಲಿ ಸುಲಿಗೆಗೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆಯಿದೆ. ಬರಿಯ ಉಜ್ಜುಗಾಯವೆಂದು ಮನೆಯಲ್ಲೇ ಅರಿಸಿನ ಹಚ್ಚಿಕೊಂಡು ಸುಮ್ಮನಾದರೆ ಆ ಸಾಕ್ಷ್ಯ ವಾರದೊಳಗೆ ಮಾಸಿಹೋಗುತ್ತದೆ.

ಚಿನ್ನ ನ್ಯಾಯಾಲಯದಲ್ಲಿ ಕೊಳೆಯುತ್ತದೆ ಎಂಬುದು ಒಂದು ಕಾಲಕ್ಕೆ ನಿಜವಿತ್ತು, ಈಗ ಹಾಗಾಗಬೇಕಾಗಿಲ್ಲ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿಯೇ, ಜಪ್ತಿಯಾದ ಒಡವೆಗಳನ್ನು ಅನಗತ್ಯವಾಗಿ ಇಟ್ಟುಕೊಳ್ಳದೆ, ವಿವರವಾದ ಮಹಜರು ಮಾಡಿ, ಛಾಯಾಚಿತ್ರ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ವಾರಸುದಾರರಿಗೆ ಮರಳಿಸಬೇಕೆಂದು ಹೇಳಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಇದಕ್ಕೆ ದಿನಗಳ ಗಡುವನ್ನೂ ಸೇರಿಸಿದೆ: ವಸ್ತು ನ್ಯಾಯಾಲಯದ ಮುಂದೆ ಬಂದ 14 ದಿನಗಳಲ್ಲಿ ಅದರ ವಿವರಪಟ್ಟಿ ಸಿದ್ಧವಾಗಬೇಕು, ಪಟ್ಟಿಯೂ ಛಾಯಾಚಿತ್ರವೂ ಆದ ಮೇಲೆ 30 ದಿನಗಳಲ್ಲಿ ವಿಲೇವಾರಿಯ ಆದೇಶವಾಗಬೇಕು. ಕಷ್ಟ ಬರುವುದು ಬೇರೆ ಕಡೆ. ಸರ ಸರವಾಗಿಯೇ ಸಿಗುವುದು ಅಪರೂಪ. ಅದು ಕರಗಿ ಗಟ್ಟಿಯಾಗಿರುತ್ತದೆ, ಆಗ 'ಇದು ನನ್ನದು' ಎನ್ನಲು ತೂಕವೊಂದೇ ಆಧಾರ. ಹಾಗಾಗಿ ಅಂಗಡಿಯ ಬಿಲ್ಲು, ತೂಕ, ಒಡವೆ ಧರಿಸಿದ ಮದುವೆಯ ಫೋಟೊ ಇವನ್ನು ಒಂದು ಕಡತದಲ್ಲಿಡಿ. ಹೊಸ ಒಡವೆಯಾದರೆ ಹಾಲ್‌ಮಾರ್ಕ್ ಮುದ್ರೆಯ ಜೊತೆ ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆಯಿರುತ್ತದೆ. ಬರಿಗಣ್ಣಿಗೆ ಕಾಣುವುದು ಕಷ್ಟ, ಅಂಗಡಿಯವರ ಭೂತಕನ್ನಡಿಯಲ್ಲಿ ನೋಡಿ ಬರೆದುಕೊಳ್ಳಿ. ಕರಗಿಸದೆ ಗಿರವಿ ಅಂಗಡಿಯಲ್ಲಿ ಸಿಕ್ಕ ಸರವನ್ನು ಗುರುತಿಸಲು ಅದಕ್ಕಿಂತ ಬಲವಾದ ಪುರಾವೆ ಬೇರೆ ಇಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರ ನನ್ನದು. ಮಗಳ ಮದುವೆಗೆಂದು ಬ್ಯಾಂಕಿನಿಂದ ಎರಡು ಲಕ್ಷ ರೂಪಾಯಿ ತೆಗೆದು ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ಚಹಾ ಕುಡಿಯಲು ನಿಂತೆ. ಹತ್ತು ನಿಮಿಷದಲ್ಲಿ ಹಣ ಮಾಯವಾಗಿತ್ತು, ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಇದು ಹೇಗೆ ಸಾಧ್ಯ?

ಉತ್ತರ: ಡಿಕ್ಕಿಯ ಬೀಗ ಹಿಡಿದಿರುವುದು ಸೀಟಿನ ಒಂದು ತುದಿಯನ್ನು ಮಾತ್ರ. ಪಳಗಿದವರು ಸೀಟಿನ ಅಂಚನ್ನು ಬಲವಾಗಿ ಮೇಲಕ್ಕೆತ್ತಿ ಆ ಸಂದಿಯಲ್ಲಿ ಕೈ ತೂರಿಸುತ್ತಾರೆ. ಸೀಟು ಬಿಟ್ಟಾಗ ಮತ್ತೆ ಮೊದಲಿನಂತೆ ಕೂರುತ್ತದೆ. ನೀವು ಹಣ ಎಣಿಸುವುದನ್ನು ಬ್ಯಾಂಕಿನೊಳಗೇ ಯಾರೋ ನೋಡಿ ಹಿಂಬಾಲಿಸಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಆ ದಿನದ ಬ್ಯಾಂಕಿನ ಸಿಸಿಟಿವಿ ದೃಶ್ಯವನ್ನು ತಡಮಾಡದೆ ಸಂಗ್ರಹಿಸುವಂತೆ ತನಿಖಾಧಿಕಾರಿಯವರಿಗೆ ಲಿಖಿತವಾಗಿ ಕೋರಿ. ಹಳೆಯ ದೃಶ್ಯಗಳು ತಾವಾಗಿಯೇ ಅಳಿಸಿಹೋಗುತ್ತವೆ.

ಚಹಾದ ಅಂಗಡಿಯಲ್ಲಿ ನಿಲ್ಲದವರನ್ನು ನಿಲ್ಲಿಸುವ ಉಪಾಯಗಳೂ ಕಳ್ಳರಲ್ಲಿವೆ: ಚಕ್ರದ ಗಾಳಿ ಹೋಗಿದೆ ಎನ್ನುವುದು, ಹತ್ತು ರೂಪಾಯಿಯ ನೋಟುಗಳನ್ನು ನೆಲಕ್ಕೆ ಚೆಲ್ಲಿ ನಿಮ್ಮ ಹಣ ಬಿದ್ದಿದೆ ಎನ್ನುವುದು, ಅಂಗಿಯ ಮೇಲೆ ಹೊಲಸು ಎರಚುವುದು. ಬಹಳ ವರ್ಷಗಳ ಹಿಂದೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬಸ್ ನಿಲ್ದಾಣದಲ್ಲಿ ನನ್ನ ಕೋಟಿನ ಭುಜದ ಮೇಲೆ ಅಗಿದ ಬಿಸ್ಕತ್ತಿನ ಮುದ್ದೆಯೊಂದು ಬಿತ್ತು. ಸಭ್ಯರಂತೆ ಕಂಡ ಒಬ್ಬರು ನೀರಿನ ಬಾಟಲಿ ಹಿಡಿದು 'ಸಾರ್, ಒರೆಸಿಕೊಳ್ಳಿ' ಎಂದರು. ನಾನು ಕಕ್ಷಿದಾರರ ಕಡತದ ಚೀಲವನ್ನು ಕಾಲಬಳಿ ಇಟ್ಟು ಒರೆಸಿಕೊಂಡೆ. ತಲೆಯೆತ್ತಿದಾಗ ಚೀಲವೂ ಇರಲಿಲ್ಲ, ಅವರೂ ಇರಲಿಲ್ಲ. ಕಳ್ಳತನದ ಪ್ರಕರಣ ನಡೆಸುತ್ತಿದ್ದ ವಕೀಲನ ಕಡತವೇ ಕಳುವಾದ ಸಂಗತಿಯನ್ನು ನ್ಯಾಯಾಧೀಶರಿಗೆ ವಿವರಿಸಬೇಕಾಗಿ ಬಂದದ್ದು ಆ ದಿನದ ದೊಡ್ಡ ಶಿಕ್ಷೆ.

ಮದುವೆಯ ಉಳಿದ ಖರ್ಚನ್ನು ಛತ್ರದವರಿಗೂ ಅಡುಗೆಯವರಿಗೂ ಖಾತೆಯಿಂದಲೇ ಕಳುಹಿಸಿ. ನೆಫ್ಟ್ ಸೌಲಭ್ಯ 2019ರ ಡಿಸೆಂಬರ್‌ನಿಂದ ರಜಾದಿನಗಳಲ್ಲೂ ಹಗಲುರಾತ್ರಿ ನಡೆಯುತ್ತದೆ. ನಗದೇ ಬೇಕಾದರೆ ಇಬ್ಬರು ಹೋಗಿ, ಹಣದ ಚೀಲ ಹಿಂದೆ ಕುಳಿತವರ ಎದೆ ಮತ್ತು ಮುಂದಿನವರ ಬೆನ್ನಿನ ನಡುವೆ ಇರಲಿ, ದಾರಿಯಲ್ಲಿ ಎಲ್ಲಿಯೂ ಇಳಿಯಬೇಡಿ. ಮತ್ತೊಂದು: ಮಫ್ತಿಯಲ್ಲಿರುವ ಪೊಲೀಸರು ತಾವೆಂದು ಹೇಳಿ, ಮುಂದೆ ಗಲಾಟೆಯಾಗಿದೆ, ಒಡವೆ ಬಿಚ್ಚಿ ಕಾಗದದಲ್ಲಿ ಕಟ್ಟಿಕೊಳ್ಳಿ ಎನ್ನುವವರು ಪೊಲೀಸರಲ್ಲ. 112ಕ್ಕೆ ಕರೆ ಮಾಡುತ್ತೇನೆ ಎಂದು ಗಟ್ಟಿಯಾಗಿ ಹೇಳಿ, ಹೇಳಿದಂತೆ ಮಾಡಿ.

ಪ್ರಶ್ನೆ: ಶಿರಸಿಯ ಮಾರಿಕಾಂಬಾ ಜಾತ್ರೆಗೆ ವಯಸ್ಸಾದ ಅತ್ತೆ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಬೇಕು. ಹಣ ಮತ್ತು ಗುರುತಿನ ಚೀಟಿಗಳನ್ನು ಎಲ್ಲಿ ಇಟ್ಟುಕೊಳ್ಳಲಿ?

ಉತ್ತರ: ಮೂಲ ಆಧಾರ್ ಕಾರ್ಡನ್ನು ಮನೆಯಲ್ಲೇ ಬಿಡಿ, ಡಿಜಿಲಾಕರ್‌ನಲ್ಲಿ ಸರ್ಕಾರವೇ ನೀಡಿದ ಪ್ರತಿಗೆ ಮೂಲದಷ್ಟೇ ಮಾನ್ಯತೆಯಿದೆ. ಅದು ಫೋನಿನಲ್ಲಿರುವುದರಿಂದ, ಅತ್ತೆಯವರಿಗಾಗಿ ಮಾತ್ರ ಒಂದು ಜೆರಾಕ್ಸ್ ಪ್ರತಿ ಚೀಲದಲ್ಲಿರಲಿ. ಆ ದಿನದ ಖರ್ಚಿನ ಹಣವನ್ನು ಸಣ್ಣ ಪರ್ಸಿನಲ್ಲಿಟ್ಟು, ಉಳಿದದ್ದನ್ನು ಇಬ್ಬರಲ್ಲಿ ಹಂಚಿಕೊಂಡು ಸೊಂಟದ ಒಳಜೇಬಿನಲ್ಲಿಡಿ. ಕೈಚೀಲವನ್ನು ಹೆಗಲಿಗೆ ಅಡ್ಡಲಾಗಿ ಹಾಕಿ ಹೊಟ್ಟೆಯ ಮುಂದೆ ತಂದುಕೊಳ್ಳಿ, ಜಿಪ್ಪಿನ ತುದಿ ನಿಮ್ಮ ಕೈಯ ಕಡೆಗಿರಲಿ.

ಹೆಚ್ಚು ಗಮನ ಬೇಕಾದದ್ದು ಬಸ್ಸಿನ ಮೆಟ್ಟಿಲಲ್ಲಿ. ಮುಂದಿನವನು ಚಿಲ್ಲರೆ ಬಿದ್ದಿತೆಂದು ಮೆಟ್ಟಿಲ ಮೇಲೆ ಬಗ್ಗುತ್ತಾನೆ, ಹಿಂದಿನವನು ಹತ್ತಿ ಹತ್ತಿ ಎಂದು ಒತ್ತುತ್ತಾನೆ, ಪಕ್ಕದಲ್ಲಿರುವ ಮೂರನೆಯವನ ತೋಳಿನ ಮೇಲೆ ಟವೆಲ್ಲೋ ಪತ್ರಿಕೆಯೋ ಮಡಿಸಿದಂತಿರುತ್ತದೆ. ಕೆಲಸ ನಡೆಯುವುದು ಅದರ ಕೆಳಗೆ. ಹಾಗೆ ಕಂಡರೆ ಆ ಬಸ್ಸು ಬಿಟ್ಟು ಮುಂದಿನದನ್ನು ಹಿಡಿಯಿರಿ. ಇನ್ನೊಂದು ಸಂಗತಿ: ಜನಸಂದಣಿಯಲ್ಲಿ 'ಜೇಬುಗಳ್ಳರಿದ್ದಾರೆ' ಎಂಬ ಪ್ರಕಟಣೆ ಕೇಳಿದ ಕೂಡಲೇ ಎಲ್ಲರೂ ತಮ್ಮ ಹಣ ಇರುವ ಜಾಗವನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ, ಗುಂಪಿನಲ್ಲಿ ನಿಂತ ಕಳ್ಳನಿಗೂ ಅದು ಕಾಣುತ್ತದೆ. ಪ್ರಕಟಣೆ ಕೇಳಿದಾಗ ನೀವು ಮಕ್ಕಳ ಕೈಯನ್ನು ಹಿಡಿದುಕೊಳ್ಳಿ.